ಗಾಜನೂರಿಗೆ 31 ಮಾರ್ಕು

ನಮ್ಮದು ಸಂಘವಲ್ಲ. ಸಂಘವೆಂದರೆ ನೋಂದಣಿ ಬೇಕು, ಬೈಲಾ ಬೇಕು, ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಇದನ್ನೇ ಮಾಡಿದ ನನಗೆ ಅದರ ಗೊಡವೆಯೇ ಬೇಡವಾಗಿತ್ತು. ನಾವು ಚೆನ್ನೈಯಲ್ಲಿರುವ ಇಪ್ಪತ್ತೆರಡು ಮಂದಿ, ಡಾ. ರಾಜ್‌ಕುಮಾರ್ ಅಭಿಮಾನಿಗಳು. ತಿಂಗಳಿಗೊಮ್ಮೆ ಯಾರದಾದರೂ ಮನೆಯ ತಾರಸಿಯ ಮೇಲೆ ಸೇರುತ್ತೇವೆ. ಹಳೆಯ ಹಾಡು ಹಾಕಿಕೊಂಡು, ಬೋಂಡಾ ತಿಂದು, ಅಣ್ಣಾವ್ರ ಯಾವ ಚಿತ್ರ ಯಾವ ಸ್ಟುಡಿಯೋದಲ್ಲಿ ಆಯಿತು ಅಂತ ಜಗಳವಾಡಿ ಮನೆಗೆ ಹೋಗುತ್ತೇವೆ. ವರ್ಷಕ್ಕೊಂದು ಸಲ ಇಡೀ ದಿನ ಸೇರುವುದಕ್ಕೆ ನಮ್ಮ ಮೇಷ್ಟ್ರು ಇಟ್ಟ ಹೆಸರು 'ಸಮ್ಮೇಳನ'. ಇಪ್ಪತ್ತೆರಡು ಜನರಿಗೆ ಆ ಹೆಸರು ತುಸು ದೊಡ್ಡದೇ. ಆದರೆ ಪರಊರಿನಲ್ಲಿ ಇರುವವರಿಗೆ ಇಂಥ ಸಣ್ಣಪುಟ್ಟ ಜಂಬಗಳಿಲ್ಲದೆ ದಿನ ಹೋಗುವುದಿಲ್ಲ.

ಕೂಟ ಶುರುವಾದದ್ದು 1998ರಲ್ಲಿ, ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ. ಮದರಾಸು ಕಂಡವರಿಗೆ ಆ ಹೋಟೆಲಿನ ಹೆಸರು ಹೇಳಿದರೆ ಸಾಕು, ಕಾಫಿಯ ವಾಸನೆ ಬರುತ್ತದೆ. ಅಣ್ಣಾವ್ರ ದನಿಯಾಗಿ ಎಷ್ಟೋ ವರ್ಷ ಹಾಡಿದ ಪಿ.ಬಿ. ಶ್ರೀನಿವಾಸ್ ಅಲ್ಲಿ ತಮ್ಮ ಖಾಯಂ ಜಾಗದಲ್ಲಿ ಕೂತು, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು ಏನಾದರೂ ಬರೆಯುತ್ತಿರುತ್ತಿದ್ದರು. ನಾವು ದೂರದ ಮೇಜಿನಲ್ಲಿ ಕೂತು ಅವರನ್ನು ನೋಡುವುದು, 'ಹೋಗಿ ಮಾತಾಡ್ಸೋಣ' ಅಂತ ಒಬ್ಬರನ್ನೊಬ್ಬರು ತಳ್ಳುವುದು, ಯಾರೂ ಏಳದಿರುವುದು, ಇದೇ ನಮ್ಮ ಮೊದಲ ವರ್ಷಗಳ ಕಲಾಪ. 2008ರಲ್ಲಿ ಹೋಟೆಲು ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. 2013ರಲ್ಲಿ ಪಿ.ಬಿ.ಎಸ್. ಕೂಡ ಹೋದರು. ಅಲ್ಲಿಂದ ಮುಂದೆ ನಮ್ಮ ಸಮ್ಮೇಳನಕ್ಕೆ ಸ್ಥಳವೆಂಬುದು ಇಲ್ಲವಾಯಿತು. ಒಂದು ವರ್ಷ ಯಾರದೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ, ಇನ್ನೊಂದು ವರ್ಷ ಮೈಲಾಪುರದಲ್ಲಿ ಹೋಟೆಲು ಇಟ್ಟಿರುವ ನಮ್ಮ ಭಟ್ಟರ ಮಹಡಿ. ಕೊರೋನಾ ಕಾಲದಲ್ಲಿ ಅದೂ ನಿಂತಿತು.

2023ಕ್ಕೆ ಕೂಟಕ್ಕೆ ಇಪ್ಪತ್ತೈದು ತುಂಬುತ್ತಿತ್ತು. ಎಲ್ಲಿ ಮಾಡುವುದು? ಒಬ್ಬರು ಬೆಂಗಳೂರು ಅಂದರು, ಕಂಠೀರವ ಸ್ಟುಡಿಯೋದಲ್ಲಿ ಸಮಾಧಿಗೆ ಕೈಮುಗಿದ ಹಾಗೂ ಆಯಿತು ಅಂತ. ಇನ್ನೊಬ್ಬರು ಮೈಸೂರು ಅಂದರು, ಅವರ ಮಗಳ ಮನೆ ಅಲ್ಲಿದೆ. ಭಟ್ಟರು 'ನನ್ನ ಮಹಡಿಗೇನಾಗಿದೆ?' ಅಂದರು. ಕೊನೆಗೆ ಮೇಷ್ಟ್ರು, ಚೆನ್ನೈಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಎಲ್ಲರಿಗಿಂತ ಹಿರಿಯರು, ಬೋಂಡಾದ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತಾ, 'ಗಾಜನೂರು' ಅಂದರು.

ಎಲ್ಲರೂ ಸುಮ್ಮನಾದರು.

ಗಾಜನೂರು ಕರ್ನಾಟಕದಲ್ಲಿದೆ ಎಂದು ಕರ್ನಾಟಕದಲ್ಲಿ ಅನೇಕರು ತಿಳಿದಿದ್ದಾರೆ. ಇಲ್ಲ. ಅದಿರುವುದು ತಮಿಳುನಾಡಿನಲ್ಲಿ, ಈರೋಡ್ ಜಿಲ್ಲೆಯ ತಾಳವಾಡಿಯ ಬಳಿ. 1929ರಲ್ಲಿ ಮುತ್ತುರಾಜ ಅಲ್ಲಿ ಹುಟ್ಟಿದಾಗ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿಗೆ ಉಳಿಯಿತು. ಮೇಷ್ಟ್ರ ವಾದ ಇದೇ: 'ಅಣ್ಣಾವ್ರು ಹುಟ್ಟಿದ್ದು ಈ ರಾಜ್ಯದಲ್ಲಿ. 1954ರಲ್ಲಿ ಬೇಡರ ಕಣ್ಣಪ್ಪ ಮಾಡಿದ್ದು ಈ ಊರಲ್ಲಿ. ಎಷ್ಟೋ ವರ್ಷ ಸಂಸಾರ ಮಾಡಿದ್ದು ಇಲ್ಲೇ. 1975ರಲ್ಲಿ ಪುನೀತ್ ಹುಟ್ಟಿದ್ದೂ ಇಲ್ಲೇ. ಅಂದಮೇಲೆ ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ ತಾನೆ? ನಾವು ಬೆಂಗಳೂರಿಗೆ ಹೋಗಿ ಅಲ್ಲಿಯವರ ಮುಂದೆ ಅಭಿಮಾನ ತೋರಿಸೋದೇನಿದೆ? ಪುನೀತ್ ಹೋದ ದಿನದಿಂದ ನನಗೆ ಅನ್ನಿಸ್ತಾ ಇದೆ, ನಾವು ಹೋಗೋದ್ರೊಳಗೆ ಒಂದ್ಸಲ ಗಾಜನೂರಿಗೆ ಹೋಗ್ಬೇಕು.'

ವಾದ ಚೆನ್ನಾಗಿತ್ತು. ಆದರೆ ವಾದ ಚೆನ್ನಾಗಿದೆಯೆಂದು ಬ್ಯಾಂಕಿನವರು ಸಾಲ ಕೊಡುವುದಿಲ್ಲ. 'ಒಂದು ವಾರ ಟೈಮ್ ಕೊಡಿ, ರಿಪೋರ್ಟ್ ಮಾಡ್ತೀನಿ' ಅಂದೆ.

ಸಾಲದ ಅರ್ಜಿ ಬಂದರೆ ಹೇಗೆ ಅಪ್ರೈಸಲ್ ಮಾಡುತ್ತಿದ್ದೆನೋ ಹಾಗೆಯೇ ಮಾಡಿದೆ. ಉದ್ದನೆಯ ಹಾಳೆಗೆ ಗೆರೆ ಎಳೆದು ಹತ್ತು ಬಾಬ್ತು ಬರೆದೆ: ರೈಲು, ರಸ್ತೆ, ತಂಗುವ ವ್ಯವಸ್ಥೆ, ಹಾಲಿನ ಬಾಡಿಗೆ, ಶೌಚಾಲಯ, ಕರೆಂಟು, ಊಟ, ಆಸ್ಪತ್ರೆ, ಮೊಬೈಲ್ ಸಿಗ್ನಲ್, ಭದ್ರತೆ. ಒಂದೊಂದಕ್ಕೆ ಹತ್ತು ಮಾರ್ಕು. ನಮ್ಮವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ನಾಲ್ವರಿಗೆ ಮಂಡಿ ನೋವು, ಮೇಷ್ಟ್ರಿಗೆ ಬೈಪಾಸ್ ಆಗಿದೆ. ಆದ್ದರಿಂದ ಶೌಚಾಲಯ, ಆಸ್ಪತ್ರೆಗಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕೂಡಿಸಿ ನೋಡಿದರೆ ಬೆಂಗಳೂರು 84, ಮೈಸೂರು 81, ಭಟ್ಟರ ಮಹಡಿ 77. ಗಾಜನೂರಿಗೆ 31.

ಮುಂದಿನ ತಿಂಗಳು ಹಾಳೆಯನ್ನು ಎಲ್ಲರ ಕೈಗೂ ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಉತ್ತರ ಪತ್ರಿಕೆ ನೋಡುವವರಂತೆ ನೋಡಿದರು. 'ಶೌಚಾಲಯಕ್ಕೆ ಮೂರು. ಇರಲಿ. ಸಿಗ್ನಲ್‌ಗೆ ಎರಡು. ಇರಲಿ. ಭದ್ರತೆಗೆ ಯಾಕೆ ಎರಡೇ ಕೊಟ್ಟಿದ್ದೀರಿ? ವೀರಪ್ಪನ್ ಸತ್ತು ಹದಿನೆಂಟು ವರ್ಷ ಆಯ್ತಲ್ಲ ಸಾರ್. ಇನ್ನೂ ಯಾರಿಗೆ ಹೆದರ್ತೀರಿ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಆ ಎರಡು ಮಾರ್ಕು ಕೊಟ್ಟದ್ದು ಆನೆಗೆ ಹೆದರಿ ಅಲ್ಲ.

2000ದ ಜುಲೈ 30, ಭಾನುವಾರ. ಆ ರಾತ್ರಿ ಗಾಜನೂರಿನಿಂದ ಅಣ್ಣಾವ್ರನ್ನು ವೀರಪ್ಪನ್ ಅಪಹರಿಸಿದ. ಸೋಮವಾರ ಬೆಳಿಗ್ಗೆ ಸುದ್ದಿ ಕೇಳಿ ಕೈಕಾಲು ತಣ್ಣಗಾಯಿತು. ನಾನಾಗ ಚೆನ್ನೈಯ ಒಂದು ಶಾಖೆಯಲ್ಲಿ ಅಧಿಕಾರಿ. ನನ್ನ ಮೇಜಿನ ಗಾಜಿನಡಿಯಲ್ಲಿ ಅಣ್ಣಾವ್ರ ಒಂದು ಚಿತ್ರ ಇಟ್ಟಿದ್ದೆ. ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ್ದು, ಬಿಳಿ ಪಂಚೆ, ಬಿಳಿ ಅಂಗಿ, ಕೈಮುಗಿದ ಭಂಗಿ. ಗಿರಾಕಿಗಳು ಅದನ್ನು ನೋಡಿ 'ಇವರು ಯಾರು ಸಾರ್, ನಿಮ್ಮ ತಂದೆಯಾ?' ಅಂತ ಕೇಳಿದ್ದೂ ಉಂಟು. ಅಂದು ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ, ಗಾಜು ಎತ್ತಿ, ಆ ಚಿತ್ರವನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ನನಗೆ ಯಾರೂ ಏನೂ ಅಂದಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಆದರೆ 1991ರಲ್ಲಿ ಕಾವೇರಿ ಗಲಾಟೆ ಆದಾಗ ಮೂರು ವರ್ಷದ ಹಿಂದಷ್ಟೇ ಮದರಾಸಿಗೆ ಬಂದಿದ್ದ ನಾವು ಮನೆಯಲ್ಲಿ ರೇಡಿಯೋ ಸಣ್ಣ ಮಾಡಿಕೊಂಡು ಕೂತಿದ್ದೆವು. ಬೆಂಗಳೂರಿನಲ್ಲಿ ತಮಿಳರಿಗೆ ಆಗುತ್ತಿದ್ದುದನ್ನು ಕೇಳಿದಾಗಲೆಲ್ಲ ಇಲ್ಲಿ ನಮಗೆ ಏನಾದೀತೋ ಅಂತ. ಆ ಹೆದರಿಕೆ ಮತ್ತೆ ಎದ್ದಿತ್ತು. ಅಣ್ಣಾವ್ರಿಗೆ ಏನಾದರೂ ಆದರೆ? ಊರಿನಲ್ಲಿ ಏನಾಗುತ್ತದೆ, ಅದರ ಬಿಸಿ ಇಲ್ಲಿಗೆ ಹೇಗೆ ತಟ್ಟುತ್ತದೆ? ನನ್ನ ಹೆಂಡತಿ ಮಗನಿಗೆ 'ಬಸ್ಸಲ್ಲಿ ಕನ್ನಡ ಮಾತಾಡ್ಬೇಡ ಕಣೋ' ಅಂದಳು. ಅವನು ಹತ್ತು ವರ್ಷದವನು, 'ಯಾಕೆ?' ಅಂದ. ಇಬ್ಬರಿಗೂ ಉತ್ತರ ಬರಲಿಲ್ಲ.

ನೂರೆಂಟು ದಿನ. ನವೆಂಬರ್ 15, ಬುಧವಾರ ಅವರು ಬಿಡುಗಡೆಯಾಗಿ ಬಂದರು. ಮಾರನೆಯ ದಿನ ನಮ್ಮ ಹೆಡ್ ಕ್ಯಾಷಿಯರ್ ನನ್ನ ಮೇಜಿನ ಹತ್ತಿರ ಬಂದು, ಗಾಜಿನ ಕೆಳಗಿನ ಖಾಲಿ ಜಾಗ ತೋರಿಸಿ, 'ಸಾರ್, ಪಡಂ ಎಂಗೆ?' ಅಂದರು. ಚಿತ್ರ ಎಲ್ಲಿ ಅಂತ. ಅವರು ಅಪ್ಪಟ ತಮಿಳರು, ಶಿವಾಜಿ ಗಣೇಶನ್ ಅವರ ಭಕ್ತರು. ಶಿವಾಜಿ ದೊಡ್ಡವರೋ ರಾಜ್‌ಕುಮಾರ್ ದೊಡ್ಡವರೋ ಎಂದು ನಾವಿಬ್ಬರೂ ಊಟದ ಹೊತ್ತಿನಲ್ಲಿ ವರ್ಷಗಟ್ಟಲೆ ಜಗಳ ಆಡಿದವರು. ನಾನು, 'ಗಾಜು ಒಡೆದು ಹೋಯ್ತು, ಆಗ ಹರಿದು ಹೋಯ್ತು' ಅಂದೆ. ಅವರು ಗಾಜನ್ನು ನೋಡಿದರು. ಅದೇ ಹಳೆಯ ಗಾಜು, ಮೂಲೆಯಲ್ಲಿ ಅದೇ ಬಿರುಕು. 'ಸರಿ ಸಾರ್' ಅಂತ ಹೋದರು. ಕೋಟಿಗಟ್ಟಲೆ ರೂಪಾಯಿ ಎಣಿಸಿದ ಕೈ ಅವರದು. ಕಳ್ಳನೋಟು ಮುಟ್ಟಿದರೆ ಗೊತ್ತಾಗುತ್ತಿತ್ತು. ನನ್ನ ಸುಳ್ಳು ಗೊತ್ತಾಗದೇ ಇರುತ್ತದೆಯೇ?

ಆಮೇಲೆ ಅವರೂ ನಿವೃತ್ತರಾಗಿ, ನಮ್ಮ ಕೂಟಕ್ಕೆ ಬೋಂಡಾದ ನೆಪದಲ್ಲಿ ಬರತೊಡಗಿ, ಖಾಯಂ ಸದಸ್ಯರೇ ಆದರು. ಇಪ್ಪತ್ತೆರಡರಲ್ಲಿ ಅವರೊಬ್ಬರೇ ತಮಿಳರು. ಆ ಚಿತ್ರದ ಮಾತು ಮಾತ್ರ ನಾವಿಬ್ಬರೂ ಎತ್ತಿರಲಿಲ್ಲ.

ಸ್ಥಳ ಪರಿಶೀಲನೆಗೆ ಇಬ್ಬರು ಹೋಗಬೇಕೆಂದು ತೀರ್ಮಾನವಾದಾಗ, 'ನಾನು ಸಾರ್ ಜೊತೆ ಹೋಗ್ತೀನಿ' ಅಂತ ಎದ್ದು ನಿಂತವರು ಅವರೇ. ಮನೆಯಲ್ಲಿ ಹೇಳಿದೆ. 'ಏನ್ರೀ, ಅರವತ್ತು ದಾಟಿದ ಮೇಲೆ ಆ ಕಾಡಿಗೆ ಯಾಕ್ರೀ?' ಅಂದಳು. ಆಮೇಲೆ ಸ್ವೆಟರು, ಮಾತ್ರೆ, ಎರಡು ದಿನಕ್ಕಾಗುವಷ್ಟು ಚಪಾತಿ ಕಟ್ಟಿಕೊಟ್ಟಳು.

2022ರ ನವೆಂಬರ್. ಏರ್ಕಾಡ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಈರೋಡಿನಲ್ಲಿ ಇಳಿದೆವು. ಅಲ್ಲಿಂದ ಸತ್ಯಮಂಗಲಕ್ಕೆ ಒಂದು ಬಸ್ಸು, ಅಲ್ಲಿಂದ ತಾಳವಾಡಿಗೆ ಇನ್ನೊಂದು. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ಘಾಟಿ ಶುರು. ದಿಂಬಂವರೆಗೆ ಇಪ್ಪತ್ತೇಳು ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರು ಹಾಕಿದ್ದಾರೆ. ಸುತ್ತಲೂ ಸತ್ಯಮಂಗಲ ಹುಲಿ ರಕ್ಷಿತಾರಣ್ಯ. 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ಆದೇಶದ ಮೇಲೆ ನಿರ್ಬಂಧ ಬಂದಿದೆ. ನಾನು ಡೈರಿ ತೆಗೆದು 'ರಸ್ತೆ: ಹಗಲು ಮಾತ್ರ' ಅಂತ ಬರೆದುಕೊಂಡೆ. ತಿರುವಿಗೆ ಪೆನ್ನು ಜಾರಿ ಅಕ್ಷರ ಪುಟದಾಚೆ ಹೋಯಿತು.

ಹನ್ನೆರಡನೆಯದೋ ಹದಿಮೂರನೆಯದೋ ತಿರುವು. ಇನ್ನು ತಡೆಯಲಾಗಲಿಲ್ಲ. 'ಆವತ್ತು ಗಾಜು ಒಡೆದಿರಲಿಲ್ಲ' ಅಂದೆ, ತಮಿಳಿನಲ್ಲೇ. 'ನಾನೇ ಚಿತ್ರ ತೆಗೆದಿದ್ದು. ಹೆದರಿಕೆ ಆಗಿತ್ತು.'

ಅವರು ಕಿಟಕಿಯಾಚೆ ನೋಡುತ್ತಿದ್ದರು. 'ಗೊತ್ತು ಸಾರ್' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ನನ್ನ ತಂಗಿ ಆಗ ಬೆಂಗಳೂರಿನಲ್ಲಿದ್ದಳು, ಶ್ರೀರಾಂಪುರದಲ್ಲಿ. ನೂರೆಂಟು ದಿನವೂ ರಾತ್ರಿ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡ್ತಿದ್ದೆ. ಮನೆ ಮುಂದಿನ ತಮಿಳು ಬೋರ್ಡು ತೆಗೆದುಬಿಡು ಅಂತ ನಾನೇ ಹೇಳಿದ್ದೆ. ಟೈಲರ್ ಅಂಗಡಿ ಬೋರ್ಡು. ಅಕ್ಕಪಕ್ಕದವರು ಚೆನ್ನಾಗೇ ಇದ್ದರಂತೆ, ಏನೂ ಆಗಲಿಲ್ಲ. ಆದ್ರೂ ತೆಗೆದಳು. ನಿಮಗೆ ಹೇಳಿದ್ರೆ ನೊಂದ್ಕೋತೀರಿ ಅಂತ ಹೇಳಲಿಲ್ಲ.'

ಇಷ್ಟೇ. ಹತ್ತು ಅಡಿ ಅಂತರದಲ್ಲಿ ಕೂತು ಕೆಲಸ ಮಾಡುತ್ತಿದ್ದ ನಾವಿಬ್ಬರೂ ಒಂದೇ ಮನುಷ್ಯ ಸುಖವಾಗಿ ಬರಲೆಂದು ಬೇಡಿಕೊಂಡಿದ್ದೆವು, ಇಬ್ಬರೂ ಒಂದೇ ಕಾರಣಕ್ಕೆ ಹೆದರಿದ್ದೆವು, ಒಬ್ಬರಿಗೊಬ್ಬರು ಹೇಳಿರಲಿಲ್ಲ. ಅವನ ಹೆದರಿಕೆ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ ಅಂತ ಇಪ್ಪತ್ತೆರಡು ವರ್ಷ ದಾಟಿತ್ತು. ಬಸ್ಸು ದಿಂಬಂ ತಲುಪಿತು. ಇಳಿದು ಚಹ ಕುಡಿದೆವು. ಚಳಿಯಿತ್ತು. ನನ್ನ ಹೆಂಡತಿ ಕೊಟ್ಟ ಸ್ವೆಟರನ್ನು ಅವರೇ ಹಾಕಿಕೊಂಡರು.

ತಾಳವಾಡಿಯಲ್ಲಿ ಬಸ್ಸಿಳಿದರೆ ತಮಿಳು ಬೋರ್ಡಿನ ಅಂಗಡಿಗಳೊಳಗಿಂದ ಚಾಮರಾಜನಗರ ಸೀಮೆಯ ಕನ್ನಡ ಕೇಳುತ್ತದೆ. ತಮಿಳುನಾಡು ಸರ್ಕಾರವೇ ನಡೆಸುವ ಕನ್ನಡ ಮಾಧ್ಯಮದ ಶಾಲೆಗಳು ಈ ಭಾಗದಲ್ಲಿವೆ. ಹೊಲದಲ್ಲಿ ಎಲೆಕೋಸು, ಚೆಂಡುಹೂವು, ಕಬ್ಬು. ನಮ್ಮ ಕ್ಯಾಷಿಯರು ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ನಾನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ಇಬ್ಬರಿಗೂ ಬೆಲೆ ಒಂದೇ.

ಒಂದು ಪುಟ್ಟ ಮದುವೆ ಮಂಟಪ ಸಿಕ್ಕಿತು. ಅಣ್ಣಾವ್ರ ಹೆಸರು ಹೇಳಿದರೆ ಮಾಲೀಕರು ಕರಗಿ ಬಾಡಿಗೆ ಬೇಡ ಅಂದುಬಿಡುತ್ತಾರೇನೋ ಎಂದು ನನಗೆ ಒಳಗೊಳಗೇ ಆಸೆಯಿತ್ತು. ಹಾಗೇನೂ ಆಗಲಿಲ್ಲ. 'ಬಾಡ್ಗೆ ಪೂರ್ತಿ ಕೊಡ್ಬೇಕು ಸಾ. ಜನರೇಟ್ರು ಬೇಕಂದ್ರೆ ಡೀಸಲ್ಲು ನಿಮ್ದೇ. ಯಾರಾದ್ರೂ ಆ್ಯಕ್ಟ್ರು ಬತ್ತಾರಾ?' ಅಂದರು. ಇಲ್ಲ ಅಂದೆ. ಅವರಿಗೆ ಸ್ವಲ್ಪ ನಿರಾಸೆ. 'ಐದ್ ಗಂಟೆಗೆ ಮುಗ್ಸಿಬುಡಿ. ಆಮ್ಯಾಕೆ ಆನೆ ಟೇಮು.' ರಸೀದಿ ಕೇಳಿದೆ. ಅವರು ಬರೆದುಕೊಟ್ಟ ರಸೀದಿಯಲ್ಲಿ ಬಾಬ್ತು ಎಂಬಲ್ಲಿ 'ರಾಜಣ್ಣನ ಫಂಕ್ಷನ್' ಅಂತ ಇತ್ತು. ಮದುವೆ ಮಂಟಪದಲ್ಲಿ ವರನ ಹೆಸರು ಬರೆಯುವ ಜಾಗ ಅದು.

ಅಲ್ಲಿಂದ ಗಾಜನೂರಿಗೆ ಹೋಗಿ ಹಳೆಯ ಮನೆಯನ್ನು ಹೊರಗಿನಿಂದ ನೋಡಿ ಕೈಮುಗಿದೆವು. ಒಳಗೆ ಹೋಗಲಿಲ್ಲ. ಅದು ಒಂದು ಸಂಸಾರದ ಮನೆ. ಸಮ್ಮೇಳನದ ದಿನವೂ ಗುಂಪು ಕಟ್ಟಿಕೊಂಡು ನುಗ್ಗಬಾರದು, ಇಬ್ಬರು ಮೂವರಾಗಿ ಬಂದು ರಸ್ತೆಯಿಂದಲೇ ಕೈಮುಗಿದು ಹೋಗಬೇಕು ಅಂತ ರಿಪೋರ್ಟಿನಲ್ಲಿ ಬರೆದೆ. ಹಿಂದಿರುಗುವಾಗ ಹಾಸನೂರಿನ ಬಳಿ ಬಸ್ಸು ನಿಂತಿತು. ಮುಂದೆ ಕಬ್ಬಿನ ಲಾರಿ, ಲಾರಿಯ ಮುಂದೆ ಒಂದು ಆನೆ ಮತ್ತು ಮರಿ. ಚಾಲಕ ಎಂಜಿನ್ ಆರಿಸಿ ಕೈಕಟ್ಟಿ ಕೂತ. ಸುಂಕ ವಸೂಲಿಯಾಗುವವರೆಗೆ ಯಾರೂ ಹಾರ್ನ್ ಮಾಡಲಿಲ್ಲ. ಭದ್ರತೆಯ ಎರಡು ಮಾರ್ಕನ್ನು ನಾನು ಆರು ಮಾಡಿದೆ. ಒಟ್ಟು 35. ಮೇಷ್ಟ್ರು 'ಪಾಸು' ಅಂದರು.

2023ರ ಜನವರಿ 29, ಭಾನುವಾರ ಸಮ್ಮೇಳನ. ಮಂಡಿ ನೋವಿನವರು ಆ ಇಪ್ಪತ್ತೇಳು ತಿರುವು ತಡೆಯಲಾರರೆಂದು ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಬಂದು, ಚಾಮರಾಜನಗರದಲ್ಲಿ ತಂಗಿ, ಆ ಕಡೆಯಿಂದ ತಾಳವಾಡಿಗೆ ಹೋಗುವುದೆಂದು ಮಾಡಿದೆವು. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ತಮಿಳುನಾಡಿನ ಒಂದು ಊರಿಂದ ತಮಿಳುನಾಡಿನ ಇನ್ನೊಂದು ಊರಿಗೆ ಕರ್ನಾಟಕದ ಮೇಲೆ ಹೋಗಬೇಕಾಯಿತು. ಇಪ್ಪತ್ತೆರಡು ಮಂದಿಯಲ್ಲಿ ಬಂದವರು ಹದಿನಾಲ್ಕು. ಬಾರದವರಲ್ಲಿ ಮೇಷ್ಟ್ರೂ ಒಬ್ಬರು. ಹೊರಡುವ ವಾರ ಡಾಕ್ಟರು ಬೇಡವೆಂದರು. ಸ್ಟೇಷನ್ನಿಗೆ ಬಂದು ನಮ್ಮನ್ನು ಕಳಿಸಿಕೊಟ್ಟರು. 'ನಡಾವಳಿ ಪುಸ್ತಕದಲ್ಲಿ ಸ್ಥಳ ಅನ್ನೋ ಕಡೆ ಸರಿಯಾಗಿ ಬರೀರಿ. ಗಾಜನೂರು ಪ್ರದೇಶ, ಈರೋಡ್ ಜಿಲ್ಲೆ, ತಮಿಳುನಾಡು. ಊರಿಗೆ ಹೋಗಿದ್ವಿ ಅಂತ ಬರೀಬೇಡಿ. ನಾವಿರೋ ರಾಜ್ಯದಲ್ಲೇ ಮಾಡಿದ್ವಿ' ಅಂದರು.

ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತೂವರೆಗೆ ಬೇಡರ ಕಣ್ಣಪ್ಪ ತೋರಿಸಲು ಪ್ರೊಜೆಕ್ಟರ್ ಹಚ್ಚಿದೆವು, ಹತ್ತು ಮುಕ್ಕಾಲಿಗೆ ಕರೆಂಟು ಹೋಯಿತು. ಜನರೇಟರು ಹೊಗೆ ಬಿಟ್ಟಿತೇ ಹೊರತು ಬೆಳಕು ಬಿಡಲಿಲ್ಲ. ಕರೆಂಟಿಗೆ ಕೊಟ್ಟಿದ್ದ ಎರಡು ಮಾರ್ಕೂ ಹೆಚ್ಚಾಯಿತೆಂದುಕೊಂಡೆ. ಬಾಗಿಲಲ್ಲಿ ಇಣುಕುತ್ತಿದ್ದ ಊರಿನವರು, ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ನಾವು ಹದಿನಾಲ್ಕು, ಅವರು ನಲವತ್ತಕ್ಕೂ ಮೇಲೆ. ಮೈಕಿಲ್ಲ, ಚಿತ್ರವಿಲ್ಲ. ಆಗ ನಮ್ಮ ಕ್ಯಾಷಿಯರು ಎದ್ದು, ತಮಿಳಿನಲ್ಲಿ, ಶಿವಾಜಿಗೂ ರಾಜ್‌ಕುಮಾರ್‌ಗೂ ಏನು ವ್ಯತ್ಯಾಸ ಅಂತ ಅಭಿನಯಿಸಿ ತೋರಿಸಿದರು. ಒಬ್ಬ ಕೋಪಗೊಂಡರೆ ಹುಬ್ಬು ಹೇಗೆ ಏಳುತ್ತದೆ, ಇನ್ನೊಬ್ಬರು ಕೋಪಗೊಂಡರೆ ದನಿ ಹೇಗೆ ಇಳಿಯುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಿಂದ ಒಬ್ಬ ಅಜ್ಜ, 'ಇಲ್ಲ ಕನಪ್ಪ, ನಮ್ ರಾಜಣ್ಣ ಅಂಗೆ ನಿಂತ್ಕತಿರ್ನಿಲ್ಲ' ಅಂತ ಎದ್ದು ಬಂದು ತಾನೇ ನಿಂತು ತೋರಿಸಿದ. ಇಪ್ಪತ್ತೈದು ವರ್ಷದಿಂದ ಅಭಿಮಾನಿಗಳೆಂದು ಹೇಳಿಕೊಂಡ ನಾವು ಬಾಯಿಬಿಟ್ಟು ನೋಡಿದೆವು. ಅಣ್ಣಾವ್ರು ನಮ್ಮನ್ನೆಲ್ಲ 'ಅಭಿಮಾನಿ ದೇವರು' ಎನ್ನುತ್ತಿದ್ದರು. ಆ ದೇವರುಗಳ ಊರಲ್ಲಿ ನಾವು ಬರೀ ಹರಕೆಯವರು.

ಐದಕ್ಕೆ ಮುಗಿಸಿದೆವು, ಆನೆ ಟೇಮು. ಲೆಕ್ಕ ನೋಡಿದರೆ 4,350 ರೂಪಾಯಿ ಖೋತಾ. ಹದಿನಾಲ್ಕು ಜನ ಹಂಚಿಕೊಂಡೆವು. ಚಾಮರಾಜನಗರದ ಲಾಡ್ಜಿನಲ್ಲಿ ರಾತ್ರಿ ನಡಾವಳಿ ಬರೆದು, ಎಲ್ಲರ ಸಹಿ ಹಾಕಿಸಿ, ಸ್ಥಳ ಎಂಬಲ್ಲಿ ಮೇಷ್ಟ್ರು ಹೇಳಿದ ಹಾಗೆಯೇ ಬರೆದೆ. ಚೆನ್ನೈಗೆ ಬಂದ ಮೇಲೆ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋದೆ. ಸಾವಕಾಶವಾಗಿ ಓದಿದರು. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಪೆನ್ನು ಕೇಳಿ ತಿದ್ದಿದರು. ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಬಾರದವರು ಸಹಿ ಹಾಕುವಂತಿಲ್ಲ ಅಂತ ನಿಯಮ. ನಾನು ಸುಮ್ಮನಿದ್ದೆ. ಮರುವರ್ಷ ಅವರು ತೀರಿಕೊಂಡರು.

ಆ ಚಿತ್ರ ಹಳೆಯ ಫೈಲೊಂದರಲ್ಲಿ ಸಿಕ್ಕಿತು. ಈಗ ಮನೆಯ ಮೇಜಿನ ಗಾಜಿನಡಿಯಲ್ಲಿದೆ. ಬಣ್ಣ ಸ್ವಲ್ಪ ಮಾಸಿದೆ. ಮಗ ಪುಣೆಯಿಂದ ಬಂದಾಗ ನೋಡಿ, 'ಇದು ಎಲ್ಲಿತ್ತಪ್ಪಾ?' ಅಂದ. ಈ ಸಲ ಉತ್ತರವಿತ್ತು. ಕೂರಿಸಿಕೊಂಡು ಹೇಳಿದೆ.

ಅಂದಹಾಗೆ, ಮುಂದಿನ ಸಮ್ಮೇಳನದ ಸ್ಥಳದ ಚರ್ಚೆಯಲ್ಲಿ ನಮ್ಮ ಕ್ಯಾಷಿಯರು ಎದ್ದು, 'ನಿಮ್ಮವರ ಊರಿಗೆ ನಾನು ಬಂದಿದ್ದೀನಿ. ನಮ್ಮವರು ಹುಟ್ಟಿದ್ದು ವಿಳುಪ್ಪುರಂ. ರೈಲಿದೆ, ಹೋಟೆಲಿದೆ, ಆನೆಯಿಲ್ಲ. ಮಾರ್ಕು ಹಾಕಿ ಸಾರ್' ಅಂದರು. ಹಾಳೆಗೆ ಗೆರೆ ಎಳೆದೆ. ಭದ್ರತೆಯ ಬಾಬ್ತನ್ನು ಮಾತ್ರ ಕೈಬಿಟ್ಟೆ. ಉಳಿದ ಒಂಬತ್ತರಲ್ಲಿ ವಿಳುಪ್ಪುರಂಗೆ 79 ಬಂತು. ಹೋಗಿಬಂದೆವು.